ಫ್ಲಾಶ್ ಇಲ್ಲದೆ ನೇಪಾಳ

ಹೊರಟ ದಿನ

ನೇಪಾಳಕ್ಕೆ ಹೋಗಿ ಬಂದವರೆಲ್ಲ ಹಿಮಾಲಯದಿಂದ ಮಾತು ಶುರು ಮಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾವು ಅಲ್ಲಿದ್ದ ಆರು ದಿನವೂ ಹಿಮಾಲಯ ಮೋಡದ ಕಂಬಳಿ ಹೊದ್ದು ಮಲಗಿತ್ತು. ಇಡೀ ಪ್ರವಾಸದಲ್ಲಿ ನಾನು ಕಂಡ ಅತ್ಯಂತ ಎತ್ತರದ ಶಿಖರವೆಂದರೆ ನಮ್ಮ ಬಸ್ಸಿನ ಟಾಪಿನ ಮೇಲೆ ಹಗ್ಗ ಬಿಗಿದು ಕಟ್ಟಿದ್ದ ಅಡಿಗೆ ಪಾತ್ರೆಗಳದು.

ಬಸ್ಸು ಚಿಂತಾಮಣಿಯದು. ಕಾಶಿ ಮುಗಿಸಿ, ಹಾಗೇ ನೇಪಾಳ ತೋರಿಸಿ, ಇಪ್ಪತ್ತೆರಡನೇ ದಿನ ಮನೆಗೆ ಬಿಡುವ ಯಾತ್ರೆ. ಚಿಂತಾಮಣಿಯವರು ನಮ್ಮೂರ ಬಸ್ಸು ಎಂದು ಮುಂದಿನ ಸೀಟು ಹಿಡಿದರು. ಶಿಡ್ಲಘಟ್ಟದವರು ಟವೆಲ್ ಹಾಕಿ ಕಿಟಕಿ ಹಿಡಿದರು. ಗೌರಿಬಿದನೂರಿನವರು ತಡವಾಗಿ ಬಂದು, ಹಿಂದಿನ ಸೀಟೇ ಆರೋಗ್ಯಕ್ಕೆ ಒಳ್ಳೆಯದು ಎಂದರು. ಚಿಕ್ಕಬಳ್ಳಾಪುರದವರು ನಿಂತುಕೊಂಡು ಎಲ್ಲರಿಗೂ ಎಲ್ಲಿ ಕೂರಬೇಕೆಂದು ಬುದ್ಧಿ ಹೇಳಿದರು.

ನಾನು ಹುಟ್ಟಿದ್ದು ಶಿಡ್ಲಘಟ್ಟ, ಕೆಲಸ ಚಿಕ್ಕಬಳ್ಳಾಪುರದ ಒಂದು ಫೋಟೋ ಸ್ಟುಡಿಯೋದಲ್ಲಿ. ಹಾಗಾಗಿ ಕಿಟಕಿಯನ್ನೂ ಹಿಡಿದೆ, ಬುದ್ಧಿಯನ್ನೂ ಹೇಳಿದೆ. ಯಾತ್ರೆಗೆ ಒಬ್ಬ ಫೋಟೋಗ್ರಾಫರ್ ಬೇಕೆಂದಾಗ ನಮ್ಮ ಸ್ಟುಡಿಯೋ ಓನರ್ ಗೋಪಾಲಣ್ಣ ನನ್ನನ್ನು ಕಳಿಸಿದ್ದರು. ನನ್ನ ಕೈಚಳಕಕ್ಕೆ ಮೆಚ್ಚಿ ಎಂದು ನೀವು ತಿಳಿಯಬಾರದು. ಗಿರಾಕಿಗಳ ಮುಂದೆ ನಾನು ಅವರ ದನಿ ಅಣಕಿಸುವುದು ಇಪ್ಪತ್ತೆರಡು ದಿನ ನಿಲ್ಲುತ್ತದಲ್ಲ, ಆ ನೆಮ್ಮದಿಗೆ. ನನಗೆ ಯಾರ ದನಿ ಕೇಳಿದರೂ ಐದು ನಿಮಿಷದಲ್ಲಿ ಗಂಟಲಿಗೆ ಇಳಿದುಬಿಡುತ್ತದೆ. ಬಸ್ಸು ಬಾಗೇಪಲ್ಲಿ ದಾಟುವಷ್ಟರಲ್ಲಿ ಗೌರಿಬಿದನೂರಿನ ರಿಟೈರ್ಡ್ ಹೆಡ್‌ಮೇಷ್ಟ್ರು ಅಶ್ವತ್ಥನಾರಾಯಣಪ್ಪನವರು ನನ್ನ ಬಾಯಲ್ಲಿ ಕೂತಿದ್ದರು. ಅವರು ಜನರನ್ನು ಸುಮ್ಮನಿರಿಸುವುದೇ ಮೂರು ಭಾಷೆಯಲ್ಲಿ: “ಸೈಲೆನ್ಸ್! ನಿಶ್ಶಬ್ದ! ಗಮ್ಮುನುಂಡಂಡಿ!” ನಾನು ಹಿಂದಿನಿಂದ ಅದನ್ನೇ ಅಂದರೆ ಇಡೀ ಬಸ್ಸು ಸುಮ್ಮನಾಗುತ್ತಿತ್ತು, ಮೇಷ್ಟ್ರೂ ಸೇರಿ.

ನನ್ನ ಪಕ್ಕದ ಸೀಟಿನಲ್ಲಿ ಜಂಗಮಕೋಟೆಯ ಅಕ್ಕಯಮ್ಮ. ಅರವತ್ತು ದಾಟಿದ ಹೆಂಗಸು, ನಲವತ್ತು ವರ್ಷದಿಂದ ರೇಷ್ಮೆ ಹುಳ ಸಾಕಿದ ಕೈ. ಮಗ ಸೊಸೆಗೆ ಹುಳುಮನೆ ಒಪ್ಪಿಸಿ, ಜೀವಮಾನದಲ್ಲಿ ಮೊದಲ ಸಲ ಊರು ಬಿಟ್ಟಿದ್ದರು.

“ನೀನು ಫೋಟೋದ ಹುಡುಗನಾ? ನನ್ನ ನಾಲ್ಕು ಮಕ್ಕಳ ಮದುವೇಗೂ ನಿಮ್ಮ ಸ್ಟುಡಿಯೋದೋರೇ ಬಂದಿದ್ದು ಕಣಪ್ಪ. ನಾಲ್ಕು ಆಲ್ಬಮ್ಮಲ್ಲೂ ನಾನು ನಿದ್ದೆ ಮಾಡ್ತಾ ಇದ್ದೀನಿ.”

“ನಿದ್ದೆನಾ?”

“ಒನ್ ಟೂ ತ್ರೀ ಅಂತಾನಲ್ಲ ನಿಮ್ಮ ಓನರು, ಆ ತ್ರೀಗೆ ಸರಿಯಾಗಿ ನನ್ನ ಕಣ್ಣು ಮುಚ್ಕೊಂಬಿಡುತ್ತೆ. ಫಳಕ್ ಅನ್ನುತ್ತೆ ಅಂತ ಮುಂಚೆನೇ ಗೊತ್ತಲ್ಲ. ಹೊರಗಡೆ ತೆಗೆಯೋಣ ಅಂದ್ರೆ ಬಿಸಿಲಿಗೆ ಕಣ್ಣು ಬಿಡಕ್ಕಾಗಲ್ಲ, ಪೊರೆ ತೆಗೆಸಿದ ಮೇಲೆ ಇನ್ನೂ ಜಾಸ್ತಿ. ನಾಳೆ ನಾನು ಹೋದ ಮೇಲೆ ಗೋಡೆಗೆ ಹಾಕಕ್ಕೆ ಒಂದು ಫೋಟೋ ಬೇಡವಾ? ಗೋಡೆ ಮೇಲೂ ನಿದ್ದೆ ಮಾಡ್ಕೊಂಡು ನೇತಾಡಲಾ? ಮೊಮ್ಮಕ್ಕಳು ಅಜ್ಜಿ ಸೋಮಾರಿ ಅಂದ್ಕೊಳಲ್ವಾ?”

ನಾನು ಗೋಪಾಲಣ್ಣನ ಗಡಸು ದನಿಯಲ್ಲಿ, “ಅಮ್ಮಾ, ಕಣ್ಣು ಬಿಡ್ರಮ್ಮಾ, ರೀಲು ದುಡ್ಡು ಕೊಟ್ಟು ತರೋದು!” ಎಂದೆ. ಅಕ್ಕಯಮ್ಮ ನಕ್ಕು ನಕ್ಕು ಸೆರಗು ಬಾಯಿಗೆ ಹಿಡಿದರು. ಆ ಹುಮ್ಮಸ್ಸಿನಲ್ಲಿ ನಾನು ಮಾತು ಕೊಟ್ಟುಬಿಟ್ಟೆ: “ನೇಪಾಳದಲ್ಲಿ ನಿಮ್ಮ ಕಣ್ಣು ಬಿಡಿಸಿಯೇ ಬಿಡ್ತೀನಿ ಅಕ್ಕಯಮ್ಮ.” ಹೇಗೆ ಎಂದು ನಾನು ಯೋಚಿಸಿರಲಿಲ್ಲ. ಅಣಕಿಸುವವನಿಗೆ ನಾಲಿಗೆ ಮುಂದೆ, ಬುದ್ಧಿ ಹಿಂದಿನ ಬಸ್ಸಿನಲ್ಲಿ.

ಸೊನೌಲಿ

ಗಡಿ ಎಂದರೆ ಬೆಟ್ಟ, ಕಂದರ, ಬಂದೂಕು ಎಂದೆಲ್ಲ ಅಂದುಕೊಂಡಿದ್ದೆ. ಒಂದು ಕಮಾನು, ಅದರ ಕೆಳಗೆ ಸೈಕಲ್ ರಿಕ್ಷಾ, ಎರಡೂ ದೇಶಕ್ಕೆ ಸೇರಿದ ಒಂದು ಎಮ್ಮೆ. ಇಷ್ಟೇ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಎಂದು ತಿಳಿದು ಮೇಷ್ಟ್ರು ಎಲ್ಲರ ವಾಚನ್ನೂ ತಾವೇ ತಿರುಗಿಸಿಕೊಟ್ಟರು. ನಮ್ಮ ಅಡಿಗೆಯವನು, ಚಿಂತಾಮಣಿಯ ವೆಂಕಟರವಣಪ್ಪ, ತಿರುಗಿಸಲು ಒಪ್ಪಲಿಲ್ಲ. “ನನ್ನ ವಾಚು ಹದಿನೈದು ನಿಮಿಷ ಮುಂದೇ ಓಡ್ತದೆ ಸಾಮಿ, ಅಂಗಡೀಲಿ ಕೊಂಡಾಗ್ನಿಂದ. ಅದು ಮೊದಲೇ ನೇಪಾಳದ್ದು.”

ಕಮಾನು ಇನ್ನೂ ಒಂದು ಫರ್ಲಾಂಗು ದೂರವಿರುವಾಗ ಮೇಷ್ಟ್ರ ಕಣ್ಣು ನನ್ನ ಫ್ಲಾಶ್ ಮೇಲೆ ಬಿದ್ದಿತ್ತು.

“ಜಪಾನ್ ಮಾಲು. ಬಿಲ್ ಇದೆಯೇನಯ್ಯ?”

“ಇಲ್ಲ ಸಾರ್. ಓನರ್ ಮದ್ರಾಸಿಂದ ತಂದಿದ್ದು.”

“ಹಾಗಾದರೆ ಮುಗಿಯಿತು. ವಾಪಸು ಬರುವಾಗ, ಇದನ್ನು ನೇಪಾಳದಲ್ಲಿ ಕೊಂಡೆ ಎಂದು ಹಿಡಿಯುತ್ತಾರೆ. ಬಸ್ಸನ್ನೇ ನಿಲ್ಲಿಸುತ್ತಾರೆ.”

ಬಸ್ಸನ್ನೇ ನಿಲ್ಲಿಸುತ್ತಾರೆ ಎಂಬ ಮಾತಿಗೆ ನಲವತ್ತು ಜನ ನನ್ನನ್ನು ಕಳ್ಳನಂತೆ ನೋಡಿದರು. ದಾರಿ ತೋರಿಸಿದ್ದು ಅಕ್ಕಯಮ್ಮ.

“ರಾಗಿ ಹಿಟ್ಟಿನ ಚೀಲದೊಳಗೆ ಹೂತಿಡಪ್ಪ. ನಮ್ಮನೇಲಿ ಓಲೆ, ಸರ ಎಲ್ಲಾ ರಾಗಿಯೊಳಗೇ ಇಡೋದು. ಯಾವ ಕಳ್ಳ ತಾನೇ ರಾಗಿಗೆ ಕೈ ಹಾಕ್ತಾನೆ?”

ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೂತೆವು. ಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೈ ಬೀಸಿ ಕಳಿಸಿಬಿಟ್ಟರು. ನಮಗೆ ಎಷ್ಟು ಸಂತೋಷವಾಯಿತೆಂದರೆ ಫ್ಲಾಶಿನ ವಿಷಯವೇ ಮರೆತುಹೋಯಿತು. ವೆಂಕಟರವಣಪ್ಪನಿಗೆ ಮರೆಯುವ ಪ್ರಶ್ನೆಯೇ ಇಲ್ಲ, ನಾವು ಹೂಳುವಾಗ ಅವನು ಪಾತ್ರೆಗಳ ಮಧ್ಯೆ ನಿದ್ದೆ ಹೋಗಿದ್ದ.

ಆ ಸಂಜೆ ಒಂದು ಛತ್ರದ ಅಂಗಳದಲ್ಲಿ ಒಲೆ ಹೊತ್ತಿತು. ಎಸರು ಕುದಿಯಿತು. ವೆಂಕಟರವಣಪ್ಪ ಚೀಲವನ್ನೇ ಎತ್ತಿ ಹಿಟ್ಟು ಸುರಿದ, ಕುದಿಯಲು ಬಿಟ್ಟ, ಕೆಳಗಿಳಿಸಿ ಪಾತ್ರೆಗೆ ಕಾಲು ಕೊಟ್ಟು ಮುದ್ದೆ ಕೋಲಿನಲ್ಲಿ ತಿರುವತೊಡಗಿದ. ಟಕ್ ಎಂದಿತು. ಮತ್ತೆ ತಿರುವಿದ. ಟಕ್. ಅವನ ಮುಖ ಕೆಂಪಾಯಿತು. ಕೋಲೆತ್ತಿ ಬಲವಾಗಿ ಕುಟ್ಟಿದ, ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕೋಲಿನ ಜೊತೆ ಒಂದು ಕರಿ ವೈರು ಮೇಲೆ ಬಂತು.

“ಗಂಟು ಅಂದ್ಕೊಂಡ್ನಪ್ಪಾ!” ಎಂದು ಅವನು ತಲೆ ಮೇಲೆ ಕೈ ಹೊತ್ತ. “ಇಪ್ಪತ್ತು ವರ್ಷ ಆಯ್ತು, ನನ್ನ ಮುದ್ದೇಲಿ ಒಂದು ಗಂಟು ಬಿಟ್ಟೋನಲ್ಲ. ಏನು ಮೊಂಡು ಗಂಟು ರಾ ನಾಯನಾ ಅಂತ ಇನ್ನೂ ನಾಲ್ಕು ಬಿಟ್ಟೆ!”

ಅವನ ಹೊಟ್ಟೆಯುರಿ ಫ್ಲಾಶಿಗಾಗಿ ಅಲ್ಲವೇ ಅಲ್ಲ. ನಲವತ್ತು ಜನರ ಹಿಟ್ಟು ಚೆಲ್ಲಬೇಕಾಯಿತಲ್ಲ, ಅದಕ್ಕೆ. ಎಲ್ಲರೂ ಅವಲಕ್ಕಿ ತಿಂದು ನನ್ನನ್ನು ಬೈದರು. ಅಕ್ಕಯಮ್ಮ ಬಳಿಗೆ ಬಂದು ಕೂತರು.

“ನಾನು ಹೇಳಿದ್ದಕ್ಕೇ ಆಗಿದ್ದು. ಇನ್ನು ಹೆಂಗೆ ತೆಗಿತೀಯ ಮಂಜಾ ಒಳಗಡೆ ಫೋಟೋ?”

“ಫ್ಲಾಶ್ ಇಲ್ದೇನೇ.”

“ಬರುತ್ತಾ?”

“ಬರಲ್ಲ.”

ಪ್ರವಾಸದಲ್ಲಿ ನಾನು ಆಡಿದ ಮೊದಲ ನಿಜ ಅದು. ಆದರೆ ಅಕ್ಕಯಮ್ಮನ ಮುಖ ಅರಳಿತ್ತು. “ಹಂಗಾದ್ರೆ ಫಳಕ್ ಅನ್ನಲ್ಲ! ಕಲ್ತ್ಕೋ ಮತ್ತೆ. ಊರಿಗೆ ಹೋದ್ರೆ ಹುಳ ಬಿಟ್ಟು ಕೂರಕ್ಕೆ ನಂಗೆ ಪುರುಸೊತ್ತು ಸಿಗಲ್ಲ.”

ಕಠ್ಮಂಡು

ಇಲ್ಲಿಯವರು ಸಣ್ಣ ಮಗುವಿಗೂ ಮರ್ಯಾದೆಯಿಂದ “ಹಜುರ್” ಎನ್ನುತ್ತಾರೆ. ಬಸ್ ಕಂಡಕ್ಟರ್ ಹಜುರ್ ಎಂದು ಕರೆದು ಚಿಲ್ಲರೆ ಕೊಡುತ್ತಾನೆ. ನಮ್ಮ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೀಗೆ ಕರೆದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಒಂದು ಹೋಟೆಲಿನಲ್ಲಿ ಢಿಂಡೋ ಎಂಬ ಕಂದು ಗುಪ್ಪೆಯನ್ನು ತಟ್ಟೆಗೆ ಹಾಕಿ ತಂದರು. ಮುಟ್ಟಿದರೆ ರಾಗಿ! ವೆಂಕಟರವಣಪ್ಪ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿ, ಹಣೆ ಬಡಿದುಕೊಂಡ. “ಅಲ್ಲಯ್ಯಾ, ಇಲ್ಲೇ ರಾಗಿ ಸಿಗ್ತದೆ ಅಂತ ಗೊತ್ತಿದ್ರೆ ಎರಡು ಸಾವಿರ ಮೈಲಿ ಆ ಚೀಲ ಯಾಕೆ ಹೊತ್ತೆ ನಾನು?” ಆಮೇಲೆ ಬೆರಳಿನಿಂದ ಒತ್ತಿ ನೋಡಿ, “ಗಂಟಿದೆ,” ಎಂದು ಸಮಾಧಾನಪಟ್ಟುಕೊಂಡ.

ನಾನು ಮಾತ್ರ ಇಳಿದುಕೊಂಡ ಛತ್ರದ ಪಡಸಾಲೆಯಲ್ಲಿ, ಮಬ್ಬಿನಲ್ಲಿ, ಕಪ್ಪು ಬಿಳುಪು ರೀಲು ಹಾಕಿ ಸಿಕ್ಕಸಿಕ್ಕವರನ್ನು ತೆಗೆದೆ. ಜನ ಬಿಗಿಯಾಗಿ ನಿಲ್ಲದಿರಲಿ ಎಂದು ಪ್ರತಿಯೊಬ್ಬರಿಗೂ ಇನ್ನೊಬ್ಬರ ದನಿ ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೂವತ್ತಾರು ಫೋಟೋ, ಮೂವತ್ತಾರು ನಗು. ನನ್ನಷ್ಟು ಬುದ್ಧಿವಂತ ಕೋಲಾರ ಜಿಲ್ಲೆಯಲ್ಲೇ ಇಲ್ಲವೆಂದುಕೊಂಡು ಮಲಗಿದೆ.

ಭಕ್ತಪುರ

ಇಲ್ಲಿ ಬೀದಿಯೆಲ್ಲ ಇಟ್ಟಿಗೆ, ಕಿಟಕಿಯೆಲ್ಲ ಕೆತ್ತನೆ, ಬಾಗಿಲೆಲ್ಲ ಕುಳ್ಳು. ಮೇಷ್ಟ್ರು ಮೂರು ಬಾಗಿಲಿಗೆ ಹಣೆ ಚಚ್ಚಿಕೊಂಡು, ನಾಲ್ಕನೆಯದಕ್ಕೆ ಬಾಗಿ ನಮಸ್ಕಾರವನ್ನೇ ಮಾಡಿದರು. ಚೌಕದ ಮೂಲೆಯಲ್ಲೊಂದು ಸಣ್ಣ ಸ್ಟುಡಿಯೋ ಕಂಡಿತು. ಒಳಗಿದ್ದವರು ಐವತ್ತರ ಆಸುಪಾಸಿನ, ಉಣ್ಣೆ ಟೋಪಿಯ ಮನುಷ್ಯ. ಎಲ್ಲರೂ ದಾಯಿ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದರು. ನಾನೂ ದಾಯಿ ಎಂದೆ. ನನ್ನ ಸಿನಿಮಾ ಹಿಂದಿಗೂ ಅವರ ಬೆಟ್ಟದ ಹಿಂದಿಗೂ ಹೇಗೋ ಹೊಂದಿಕೆಯಾಯಿತು. ಮಧ್ಯಾಹ್ನದೊಳಗೆ ರೀಲು ತೊಳೆದುಕೊಟ್ಟರು.

ನೆಗೆಟಿವ್ ಬೆಳಕಿಗೆ ಹಿಡಿದು ದಾಯಿ ಕೇಳಿದರು, “ಇವರು ಯಾರು?”

“ಮೇಷ್ಟ್ರು.”

“ಮೂರು ಜನ ಇದ್ದಾರೆ.”

“ಒಬ್ಬರೇ ದಾಯಿ.”

“ಮತ್ತೆ ನಿನ್ನ ಕ್ಯಾಮೆರಾಕ್ಕೆ ಚಳಿಜ್ವರ.”

ಮೂವತ್ತಾರರಲ್ಲಿ ಒಂದೂ ಉಳಿದಿರಲಿಲ್ಲ. ನಗುವ ಬಾಯಿಗಳೆಲ್ಲ ಕಲಸಿದ ಹಿಟ್ಟಿನಂತಿದ್ದವು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಜೊತೆಗೆ ಬಂದಿದ್ದ ಅಕ್ಕಯಮ್ಮ, “ಏನಂತಪ್ಪ?” ಎಂದರು. “ಯಾರೂ ಬಂದಿಲ್ಲ ಅಕ್ಕಯಮ್ಮ,” ಎಂದೆ. ಅವರು ಬೇರೇನೂ ಕೇಳದೆ ಹೊರಗಿನ ಜಗುಲಿಯಲ್ಲಿ ಹೋಗಿ ಕೂತದ್ದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ದಾಯಿ ಎರಡು ಗ್ಲಾಸು ಚಹಾ ತರಿಸಿದರು. ಒಂದು ತಾವು ಕುಡಿದರು. ಇನ್ನೊಂದು ತುಳುಕುವಷ್ಟು ತುಂಬಿಸಿ ನನ್ನ ಕೈಗಿಟ್ಟು, “ಹಿಡಿದುಕೋ. ಅಲೆ ನಿಂತ ಮೇಲೆ ಕುಡಿ,” ಎಂದರು. ಕೈ ಚಾಚಿ ಹಿಡಿದರೆ ಚಹಾ ಕುಣಿಯಿತು. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಸಿದರು, ಸ್ವಲ್ಪ ನಿಂತಿತು. ಬಾಗಿಲ ಚೌಕಟ್ಟಿಗೆ ಬೆನ್ನು ಒರಗಿಸಿದರು, ಇನ್ನೂ ನಿಂತಿತು. “ಈಗ ಉಸಿರು ಅರ್ಧ ಬಿಡು. ಬಿಟ್ಟು ನಿಲ್ಲು.” ಚಹಾ ಕನ್ನಡಿಯಾಯಿತು. “ಒತ್ತಬೇಕಾದದ್ದು ಆಗ. ಬಟನ್ ಚಚ್ಚಬೇಡ, ಹಿಂಡು.” ನಾನು ಕುಡಿಯುವಷ್ಟರಲ್ಲಿ ಚಹಾ ತಣ್ಣಗಾಗಿತ್ತು, ಆದರೂ ಅಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ.

ನನ್ನ ಬಳಿ ಉಳಿದಿದ್ದ ನೂರರ ರೀಲು ಬಿಸಿಲಿನ ರೀಲು ಎಂದು ಬದಿಗಿಟ್ಟು, ಮಬ್ಬಿಗೂ ಸಾಲುವ ನಾನೂರರದು ಕೊಟ್ಟರು. ಲೆನ್ಸಿನ ಬಾಯಿ ಪೂರ್ತಿ ತೆರೆ, ಶಟರು ಹದಿನೈದರಲ್ಲಿಡು, ಅಂದರೆ ಒಂದು ಸೆಕೆಂಡಿನಲ್ಲಿ ಹದಿನೈದನೇ ಒಂದು ಪಾಲು, ಬೆಳಕು ಸಾಲದಿದ್ದರೆ ಎಂಟಕ್ಕೆ ಇಳಿ ಎಂದರು. ಮೇಣದ ಬತ್ತಿ ಹಚ್ಚಿ, ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮುಳ್ಳು ಹೇಗೆ ಮೋಸ ಹೋಗುತ್ತದೆಂದು ತೋರಿಸಿದರು. ಮುಳ್ಳು ಜ್ವಾಲೆಯನ್ನು ನೋಡಿ ಬೆಳಕು ಬೇಕಾದಷ್ಟಿದೆ ಎನ್ನುತ್ತದೆ, ಮುಖ ಮಾತ್ರ ಮಸಿ. “ಅಳೆಯುವಾಗ ಅಂಗೈಯಿಂದ ಜ್ವಾಲೆ ಮರೆಮಾಡು, ಮುಖವನ್ನೇ ಅಳೆ, ಆಮೇಲೆ ಕೈ ತೆಗೆ.”

ಇಷ್ಟು ಹೇಳಿ ಕೊನೆಗೆ ನನ್ನ ತಲೆಗೊಂದು ಮೊಟಕಿದರು. “ನೀನು ನಗಿಸುತ್ತೀಯಲ್ಲ, ಅದೇ ರೋಗ. ನಗುವ ಮನುಷ್ಯ ಅಲ್ಲಾಡುತ್ತಾನೆ. ಫ್ಲಾಶಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.”

ಬಾಯಿ ಮುಚ್ಚಿಕೊಂಡಿರಬೇಕು ಎಂದು ಶಾಲೆಯಿಂದ ಇಲ್ಲಿಯವರೆಗೆ ಎಲ್ಲರೂ ನನಗೆ ಹೇಳಿದ್ದಾರೆ. ಕಾರಣ ಕೊಟ್ಟು ಹೇಳಿದವರು ಇವರೊಬ್ಬರೇ.

ಪಾಟನ್

ಮರುದಿನ ನಮ್ಮ ಕೊನೆಯ ದಿನ. ಬೆಳಗ್ಗೆ ಪಾಟನ್ನಿನ ಒಂದು ಹಳೆಯ ಬೌದ್ಧ ಮಠ, ಮಧ್ಯಾಹ್ನ ಗಡಿಯತ್ತ ಬಸ್ಸು. ಅಂಗಳ ದಾಟಿ, ಬಗ್ಗಿ ಒಳಗೆ ಹೋದರೆ ತುಪ್ಪದ ದೀಪಗಳ ಸಾಲು, ಹೊಗೆ ಕುಡಿದ ಗೋಡೆ, ಎತ್ತರದಲ್ಲೊಂದು ಸಣ್ಣ ಕಿಟಕಿ. ಅಲ್ಲಿದ್ದ ಭಿಕ್ಷುಗಳನ್ನು ಕೈಸನ್ನೆಯಲ್ಲಿ ಕೇಳಿದೆ. ಫ್ಲಾಶ್ ಇಲ್ಲದಿದ್ದರೆ ತೆಗೆಯಬಹುದು ಎಂದರು. ನನ್ನ ಬಳಿ ಫ್ಲಾಶ್ ಇಲ್ಲ ಎಂಬುದನ್ನು ಇಷ್ಟು ಹೆಮ್ಮೆಯಿಂದ ನಾನು ಯಾರಿಗೂ ಹೇಳಿರಲಿಲ್ಲ.

ಒರಗಲು ಕಂಬವಿರಲಿಲ್ಲ. ಕ್ಯಾಮೆರಾಕ್ಕೆ ಊರುಗೋಲು ಬೇಕಿತ್ತು. ಓಡಿಹೋಗಿ ಬಸ್ಸಿನಿಂದ ಮುದ್ದೆ ಕೋಲು ತಂದೆ. ಹಿಂದೆಯೇ ವೆಂಕಟರವಣಪ್ಪ ಓಡಿಬಂದ.

“ರೇಯ್! ಅನ್ನದ ವಸ್ತು ಅದು! ನೆಲಕ್ಕೆ ತಾಗಿಸ್ತೀಯಾ?”

“ಒಂದು ಗಳಿಗೆ ಅಣ್ಣಾ.”

“ನೆಲಕ್ಕೆ ತಾಗಿಸಂಗಿಲ್ಲ ಅಂದ್ರೆ ತಾಗಿಸಂಗಿಲ್ಲ!” ಎಂದವನು, ಅಕ್ಕಯಮ್ಮನ ಮುಖ ನೋಡಿ ಮೆತ್ತಗಾದ. ತನ್ನ ಹೆಗಲ ಟವೆಲನ್ನೇ ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, “ಇದರ ಮೇಲಿಡು. ನಾನು ಬುಡ ಹಿಡ್ಕೋತೀನಿ,” ಎಂದು ಕುಕ್ಕರಗಾಲಿನಲ್ಲಿ ಕೂತ. ಕೋಲಿನ ತಲೆಗೆ ಕ್ಯಾಮೆರಾವನ್ನು ಕರವಸ್ತ್ರದಿಂದ ಬಿಗಿದೆ.

ಅಕ್ಕಯಮ್ಮ ದೀಪ ಹಚ್ಚಿದರು. ಕ್ಯಾಮೆರಾ ನೋಡಿದ್ದೇ ತಡ, ಪೊಲೀಸ್ ಸ್ಟೇಷನ್ನಿಗೆ ಕರೆಸಿದವರ ಹಾಗೆ ಸೆಟೆದು ನಿಂತರು. ಕಣ್ಣು ಆಗಲೇ ಮುಚ್ಚುವ ಸಿದ್ಧತೆಯಲ್ಲಿತ್ತು. ಒಂದು ತೆಗೆದೆ. ಮುಚ್ಚಿತ್ತು. ಇನ್ನೊಂದು. ಅರ್ಧ ಮುಚ್ಚಿತ್ತು. ತಡೆಯಲಾರದೆ ಗೋಪಾಲಣ್ಣನ ದನಿ ತೆಗೆದೆ. ನಕ್ಕರು, ಕಣ್ಣು ಬಿಟ್ಟರು, ಆದರೆ ದೇಹವೆಲ್ಲ ಕುಲುಕಿತು. ಅದೂ ಹೋಯಿತು. ಹೀಗೆ ರೀಲು ಕರಗಿ ಮೂರು ಉಳಿದವು. ಹೊರಗೆ ಡ್ರೈವರ್ ಹಾರನ್ ಒತ್ತತೊಡಗಿದ.

“ಆಗಲ್ಲ ಬಿಡಪ್ಪ,” ಎಂದರು ಅಕ್ಕಯಮ್ಮ. “ನನ್ನ ಹಣೇಲಿ ನಿದ್ದೆನೇ ಬರೆದಿದೆ.”

“ಅಕ್ಕಯಮ್ಮ, ಹುಳುಮನೇಲೂ ಹಿಂಗೇ ಕತ್ತಲಲ್ವಾ? ಅಲ್ಲಿ ಹೆಂಗೆ ಕಣ್ಣು ಬಿಟ್ಕೊಂಡಿರ್ತೀರಿ?”

“ಅಲ್ಲಿ ನನ್ನ ಯಾರು ನೋಡ್ತಾರೆ? ನಾನು ನೋಡ್ತೀನಿ. ಹುಳ ಹಣ್ಣಾಯ್ತಾ ಅಂತ ಕೈಗೆ ತಗೊಂಡು ಬೆಳಕಿಗೆ ಹಿಡೀತೀನಿ. ಮೈಯೊಳಗೆ ಬೆಳಕು ಹಾಯ್ದು ಕಾಣಿಸಿದ್ರೆ ಹಣ್ಣು, ಇಲ್ದಿದ್ರೆ ಕಾಯಿ. ಆಗ ಉಸಿರೂ ಆಡಲ್ಲ ನಾನು.”

ಇಡೀ ನೇಪಾಳದಲ್ಲಿ ನಾನು ಚಹಾ ಗ್ಲಾಸು ಹಿಡಿದು ಕಲಿತದ್ದನ್ನು ಈಕೆ ನಲವತ್ತು ವರ್ಷದಿಂದ ಮಾಡುತ್ತಿದ್ದರು.

ಅವರನ್ನು ದೀಪಕ್ಕೆ ಇನ್ನೊಂದು ಹೆಜ್ಜೆ ಹತ್ತಿರ, ದೀಪ ಅವರಿಗೂ ಕ್ಯಾಮೆರಾಕ್ಕೂ ನಡುವೆ ಬರುವಂತೆ, ಮುಖ ಅದರ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಅಂಗೈಯಿಂದ ಜ್ವಾಲೆ ಮರೆಮಾಡಿ ಮುಖ ಅಳೆದೆ. ಎಂಟಕ್ಕೆ ಇಳಿಸಿದೆ. ಆಮೇಲೆ ಕೊನೆಯ ಸಲ ಬಾಯಿ ತೆರೆದೆ, ಮೇಷ್ಟ್ರ ದನಿಯಲ್ಲಿ: “ಸೈಲೆನ್ಸ್! ನಿಶ್ಶಬ್ದ! ಗಮ್ಮುನುಂಡಂಡಿ!” ಬಾಗಿಲಲ್ಲಿ ಹಣೆ ನೀವಿಕೊಳ್ಳುತ್ತಾ ನಿಂತಿದ್ದ ಮೇಷ್ಟ್ರು, “ಯಾರದು ನನ್ನ ಹಾಗೆ ಕೂಗಿದ್ದು?” ಎಂದರು. ಅಕ್ಕಯಮ್ಮ ಬಿದ್ದು ಬಿದ್ದು ನಕ್ಕರು. ನಾನು ಒತ್ತಲಿಲ್ಲ. ಮಾತೂ ಆಡಲಿಲ್ಲ. ನನ್ನ ಜೀವನದ ಅತಿ ಉದ್ದದ ಮೌನ. ನಗು ಇಳಿಯಿತು, ಭುಜ ಇಳಿಯಿತು, ನಿಟ್ಟುಸಿರೊಂದು ಹೊರಬಂತು. ನಾನಿರುವುದನ್ನೇ ಮರೆತವರ ಹಾಗೆ ಅವರು ದೀಪದ ಕಡೆ ನೋಡಿದರು, ಅದರೊಳಗೆ ಬೆಳಕು ಹಾಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವಂತೆ.

ಅರ್ಧ ಉಸಿರು ಬಿಟ್ಟೆ. ಹಿಂಡಿದೆ. ಇನ್ನೆರಡನ್ನೂ ಹಾಗೇ ಹಿಂಡಿದೆ.

“ಶುರು ಮಾಡಪ್ಪ ಮತ್ತೆ,” ಎಂದರು ಅಕ್ಕಯಮ್ಮ.

“ಮುಗೀತು.”

“ಸುಳ್ಳು! ಫಳಕ್ ಅನ್ನಲೇ ಇಲ್ಲ?”

ಕೆಳಗಿಂದ ವೆಂಕಟರವಣಪ್ಪ, “ಕಾಲು ಜೋಮು ಹಿಡೀತು, ಕೋಲು ಕೊಡ್ರಯ್ಯಾ,” ಎಂದ.

ಚಿಕ್ಕಬಳ್ಳಾಪುರ

ತೊಳೆಯದ ರೀಲನ್ನು ಒಳ ಜೇಬಿನಲ್ಲಿಟ್ಟುಕೊಂಡು ದೇಶದ ಉದ್ದಕ್ಕೂ ಬಂದೆ. ಅಕ್ಕಯಮ್ಮ ದಿನಕ್ಕೆರಡು ಸಲ, “ಜೇಬು ಮುಟ್ಟಿ ನೋಡ್ಕೊಂಡ್ಯಾ?” ಎನ್ನುತ್ತಿದ್ದರು. ರಾಗಿ ಚೀಲದಲ್ಲಿಡು ಎಂದು ಮಾತ್ರ ಯಾರೂ ಹೇಳಲಿಲ್ಲ.

ಫ್ಲಾಶಿನ ಕಥೆ ಕೇಳಿ ಗೋಪಾಲಣ್ಣ ಐದು ನಿಮಿಷ ನಿಲ್ಲಿಸದೆ ಬೈದರು. ನಾನು ಆ ಐದು ನಿಮಿಷವನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. “ಒಳಗಡೆ, ಫ್ಲಾಶ್ ಇಲ್ದೆ, ದೀಪದಲ್ಲಿ! ನೀನೇನು ಗೂಬೆಯೇನೋ ಕತ್ತಲಲ್ಲಿ ಕಾಣಕ್ಕೆ?” ಎಂದು ಡಾರ್ಕ್‌ರೂಮಿಗೂ ಹಿಂದೆಯೇ ಬಂದರು, ಸೋಲು ನೋಡುವ ಆಸೆಗೆ.

ಕೆಂಪು ಬಲ್ಬಿನ ಕೆಳಗೆ, ತಟ್ಟೆಯ ನೀರಿನಲ್ಲಿ ಬಿಳಿ ಕಾಗದ ಅಲ್ಲಾಡಿತು. ಮೊದಲು ದೀಪದ ಸುತ್ತಲಿನ ಕತ್ತಲು ಮೂಡಿತು. ಆಮೇಲೆ ಮೂಗುಬೊಟ್ಟು. ಕೆನ್ನೆಯ ಒಂದೊಂದೇ ಸುಕ್ಕು. ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟೆಲ್ಲ ಮಾಡಿ ಕೊನೆಗೆ ಕಣ್ಣು ಮುಚ್ಚಿಕೊಂಡವನು ನಾನು! ಪಕ್ಕದಲ್ಲಿ ಗೋಪಾಲಣ್ಣನ ಬೈಗುಳ ನಿಂತದ್ದು ಗೊತ್ತಾಗಿ ಕಣ್ಣು ಬಿಟ್ಟು ನೋಡಿದೆ.

ಅಕ್ಕಯಮ್ಮನ ಎರಡೂ ಕಣ್ಣು ತೆರೆದಿದ್ದವು. ಬರೀ ತೆರೆದಿರಲಿಲ್ಲ, ಒಂದೊಂದರಲ್ಲೂ ಒಂದೊಂದು ಸಣ್ಣ ದೀಪ ಉರಿಯುತ್ತಿತ್ತು.

ಗೋಪಾಲಣ್ಣ ಇಕ್ಕಳದಲ್ಲಿ ಕಾಗದ ಎತ್ತಿ, ನೀರು ಸೋರುವುದನ್ನೇ ನೋಡುತ್ತಾ ನಿಂತರು. ಇಪ್ಪತ್ತೈದು ವರ್ಷ ಮದುವೆ ತೆಗೆದ ಮನುಷ್ಯ, ಯಾರನ್ನೂ ಏನನ್ನೂ ಕೇಳಿದವರಲ್ಲ. ಅತ್ತ ತಿರುಗಿಕೊಂಡೇ ಕೇಳಿದರು: “ಎಷ್ಟರಲ್ಲಿಟ್ಟಿದ್ದೆಯೋ?”

“ಎಂಟರಲ್ಲಿ,” ಎಂದೆ. ನನ್ನದೇ ದನಿಯಲ್ಲಿ.

ಜಂಗಮಕೋಟೆ

ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟು ಬಂದೆ. ಅಕ್ಕಯಮ್ಮ ಅದನ್ನು ಎದೆಗವಚಿಕೊಂಡು ಕೇರಿಯ ಆರು ಮನೆಗೆ ತೋರಿಸಿಯೇ ಗೋಡೆಗೆ ಹಾಕಿಸಿದರಂತೆ. ಸಾದಲಿಯಿಂದ ಇಬ್ಬರು ಬಂದು, ಹುಳುಮನೆಯೊಳಗೇ, ಹುಳ ಗೂಡು ಕಟ್ಟುವ ಚಂದ್ರಿಕೆ ತಟ್ಟೆಯ ಮುಂದೆ ನಿಂತು ತೆಗೆಸಿಕೊಳ್ಳಬೇಕು, ಬೆಳಕು ಹೊಡೆಯದ ಹುಡುಗನನ್ನೇ ಕಳಿಸಿ ಎಂದು ಸ್ಟುಡಿಯೋದಲ್ಲಿ ಹೇಳಿ ಹೋದರು. ಗೋಪಾಲಣ್ಣ ನನ್ನ ಜೊತೆ ತಾವೂ ಬಂದರು, ಚೀಲ ಹಿಡಿದುಕೊಳ್ಳಲು ಎಂದು ಹೇಳಿಕೊಂಡು.

ಅದೇ ದಾರಿಯಲ್ಲಿ ಅಕ್ಕಯಮ್ಮನ ಮನೆಗೂ ಹೊಕ್ಕೆ. ಪಡಸಾಲೆಯ ಗೋಡೆಯಲ್ಲಿ ಫೋಟೋ ಜೋರಾಗಿ ಕೂತಿತ್ತು. ಅಕ್ಕಯಮ್ಮ ಹುಳುಮನೆಯೊಳಗೆ ಸೊಪ್ಪು ಹಾಕುತ್ತಿದ್ದರು. ಸೊಸೆ ಪದ್ಮ ನೀರು ಕೊಟ್ಟು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದಳು.

“ಅಣ್ಣಾ, ಒಂದು ಉಪಕಾರ ಮಾಡ್ತೀರಾ? ಎಲ್ಲಿ ನಿಂತ್ರೂ ಅತ್ತೆ ಆ ಫೋಟೋದಿಂದ ನನ್ನೇ ನೋಡ್ತಾರೆ. ಸಾರಿಗೆ ಉಪ್ಪು ಹಾಕಿದ್ರೂ ನೋಡ್ತಾರೆ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಣ ಅಂದ್ರೂ ನೋಡ್ತಾರೆ. ನಮ್ಮ ಮದುವೆ ಆಲ್ಬಮ್ಮಲ್ಲಿ ಕಣ್ಣು ಮುಚ್ಚಿರೋದು ಇದೆಯಲ್ಲ, ಅದನ್ನೇ ಒಂದು ದೊಡ್ಡದು ಮಾಡ್ಕೊಡಿ ಅಣ್ಣಾ. ಇದನ್ನ ತೆಗೆದು ಅದನ್ನ ಹಾಕ್ತೀನಿ.”

ಹುಳುಮನೆಯೊಳಗೆ ಸೊಪ್ಪಿನ ಸದ್ದು ನಿಂತಿತು.

“ಮಂಜಾ!” ಕತ್ತಲೊಳಗಿಂದ ಅಕ್ಕಯಮ್ಮನ ದನಿ ಬಂತು. “ದೊಡ್ಡದು ಮಾಡ್ಕೊಡಪ್ಪ. ಈಗಿರೋದನ್ನೇ. ಅಡಿಗೆ ಮನೆಗೂ ಒಂದು ಬೇಕು!”